ಉಪ್ಪು ಬಿಟ್ಟ ಶ್ರಾವಣ

ಶ್ರಾವಣದ ಮೂರನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ಸಿಂಧನೂರಿನ ಗಂಜ್ ಮಾರುಕಟ್ಟೆಯ ಹಿಂದಿನ ರಸ್ತೆಯ ಒಂದು ಸಭಾಂಗಣದಲ್ಲಿ, ವೇದಿಕೆಯ ಎಡಗಡೆ, ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದ ಮೇಜಿನ ಪಕ್ಕದಲ್ಲಿ ನಿಂತಿದ್ದೆ. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಹನ್ನೊಂದೂವರೆಗೆ ಇನ್ನೊಬ್ಬರು ಮಾತನಾಡಬೇಕಿತ್ತು, ಅದಕ್ಕೆ ಗೋಡೆಯ ಗಡಿಯಾರವನ್ನು ಪದೇ ಪದೇ ನೋಡುತ್ತಿದ್ದೆ. ನನಗೂ ಮೈಕಿಗೂ ನಡುವೆ ನಾಲ್ಕು ಹೆಜ್ಜೆ. ಮೈಕಿನ ಮುಂದೆ ನನ್ನ ತಂಗಿ ನಿಂತಿದ್ದಳು. ಮುಂದಿನ ಸಾಲಿನ ಮೊದಲನೆಯ ಕುರ್ಚಿಯಲ್ಲಿ ಅವ್ವ ಕೂತಿದ್ದಳು. ನನ್ನ ಅಂಗಿಯ ಎಡಜೇಬಿನಲ್ಲಿ ತಂಗಿಯ ಮಾತ್ರೆಗಳ ಸ್ಟ್ರಿಪ್ ಇತ್ತು.

ಆಮೇಲಿನ ಹತ್ತು ನಿಮಿಷದಲ್ಲಿ ನಾನು ಮಾಡಿದ್ದನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ರೀತಿ ಹೇಳಿದ್ದೇನೆ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿಯಲ್ಲ. ಇಲ್ಲಿ ಪೂರ್ತಿ ಬರೆಯಬೇಕೆಂದು ಕೂತಿದ್ದೇನೆ.

ನಾನು ಮಸ್ಕಿಯಲ್ಲಿ ಪೇಪರ್ ಏಜೆಂಟ್. ಬೆಳಗಿನ ಐದರ ಹೊತ್ತಿಗೆ ಬಸ್ಸಿನ ಮೇಲೆ ಬಂಡಲ್‌ಗಳು ಬರುತ್ತವೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅವನ್ನು ಬಿಚ್ಚಿ, ಒಳಪುಟಗಳನ್ನು ಸೇರಿಸಿ, ಓಣಿಯ ಪ್ರಕಾರ ಬೇರ್ಪಡಿಸಿ, ನನ್ನ ಟಿವಿಎಸ್ ಗಾಡಿಯ ಮೇಲೆ ಮನೆಮನೆಗೆ ಹಾಕಿ ಬರುತ್ತೇನೆ. ಎಂಟು ಗಂಟೆಗೆ ಕೆಲಸ ಮುಗಿಯುತ್ತದೆ. ಉಳಿದ ಪ್ರತಿಗಳನ್ನು ಮನೆಗೆ ತರುತ್ತೇನೆ. ಹಿಂದೆ ಅವನ್ನು ಕಿರಾಣಿ ಅಂಗಡಿಗೆ ಪೊಟ್ಟಣ ಕಟ್ಟಲು ಕೊಡುತ್ತಿದ್ದೆ. ತಂಗಿಗೆ ಕಾಯಿಲೆ ಬಂದ ಮೇಲೆ ಕತ್ತರಿ ಹಿಡಿದು ಕೂಡುವುದು ರೂಢಿಯಾಯಿತು.

ಅವಳನ್ನು ಬಳಗಾನೂರಿಗೆ ಕೊಟ್ಟಿದ್ದೆವು. ಕೊರೊನಾ ಕಾಲದಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಅವಳು ಹನ್ನೊಂದು ದಿನ ನಿದ್ದೆ ಮಾಡಲಿಲ್ಲ. ಮನೆಯ ಪಾತ್ರೆಗಳನ್ನೆಲ್ಲ ತೊಳೆದು ತೊಳೆದು ಅಂಗಳಕ್ಕೆ ತಂದಿಟ್ಟಳು. ಊರಿಗೆಲ್ಲ ಊಟ ಹಾಕುತ್ತೇನೆಂದು ದಾರಿಯಲ್ಲಿ ಹೋಗುವವರನ್ನು ಕೈಹಿಡಿದು ಕರೆದಳು. ಅದಾದ ಮೇಲೆ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡನ ಮನೆಯವರು ಒಂದು ಟಂಟಂ ಗಾಡಿಯಲ್ಲಿ ಅವಳನ್ನೂ ಅವಳ ಟ್ರಂಕನ್ನೂ ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋದರು. ಒಳಗೆ ಬಂದು ನೀರು ಕೂಡ ಕುಡಿಯಲಿಲ್ಲ.

ಲಿಂಗಸುಗೂರಿಗೆ ಒಬ್ಬ ಮನೋವೈದ್ಯೆ ವಾರಕ್ಕೊಮ್ಮೆ ಬರುತ್ತಿದ್ದರು. ಔಷಧದ ಅಂಗಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ಕೂಡುತ್ತಿದ್ದರು. ಅವರು ಲಿಥಿಯಂ ಮಾತ್ರೆ ಬರೆದುಕೊಟ್ಟರು: ಬೆಳಿಗ್ಗೆ ಒಂದು, ರಾತ್ರಿ ಎರಡು. ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದರು. ಉಪ್ಪಿನ ವಿಷಯ ಹೇಳಿದರೋ ಇಲ್ಲವೋ ನನಗೆ ನೆನಪಿಲ್ಲ. ಹೇಳಲಿಲ್ಲ ಎಂದು ನಾನು ಎಲ್ಲಿಯೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆ ದಿನ ಅವರು ಮಾತನಾಡುವಾಗ ನಾನು ಗೋಡೆಗೆ ಅಂಟಿಸಿದ್ದ ಒಂದು ಭಿತ್ತಿಪತ್ರವನ್ನು ಓದುತ್ತಿದ್ದೆ.

ತಂಗಿ ಚೇತರಿಸಿಕೊಂಡಳು. ಒಂದು ವರ್ಷ ಹಿಡಿಯಿತು. ಮೊದಲು ನಿದ್ದೆ ಬಂತು, ಆಮೇಲೆ ಹಸಿವು, ಕೊನೆಗೆ ನಗು. ನಾನು ಪೇಪರ್ ಕತ್ತರಿಸುವಾಗ ಎದುರಿಗೆ ಕೂತು ಮೈದಾ ಅಂಟು ಕಲಸಿ ಕೊಡುತ್ತಿದ್ದಳು. ಮನಸ್ಸಿನ ಕಾಯಿಲೆಯ ಬಗ್ಗೆ ಯಾವ ಪತ್ರಿಕೆಯಲ್ಲಿ ಏನು ಬಂದರೂ ಕತ್ತರಿಸಿ, ಉದ್ದನೆಯ ನೋಟ್‌ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆ. ಮೊದಲ ಎರಡು ಪುಸ್ತಕಗಳನ್ನು ನಾವಿಬ್ಬರೂ ಸಾಲು ಸಾಲಾಗಿ ಓದಿದ್ದೇವೆ. ಅವಳ ಅಕ್ಷರ ದುಂಡಗಿತ್ತು. ತಾನು ಓದಿದ್ದರಲ್ಲಿ ಬೇಕಾದದ್ದನ್ನು ದೊಡ್ಡ ಹಾಳೆಯ ಮೇಲೆ ಬರೆದು ಕೊಟ್ಟರೆ, ನಾನು ಅದನ್ನು ಬಸ್ ನಿಲ್ದಾಣದಲ್ಲಿ ನನ್ನ ಕಟ್ಟೆಯ ಮೇಲೆ ಹಚ್ಚುತ್ತಿದ್ದೆ. ಬಸ್ಸಿಗೆ ಕಾಯುವವರು ನಿಂತು ಓದುತ್ತಿದ್ದರು. ಕೆಲವರು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಬಂದು ಡಾಕ್ಟರು ಯಾವ ದಿನ ಬರುತ್ತಾರೆಂದು ಕೇಳುತ್ತಿದ್ದರು.

ಹಾಗೆಯೇ ಒಂದು ಗುಂಪಾಯಿತು. ಮೂರು ತಾಲೂಕಿನ ಜನ: ಕೆಲವು ಮಾಸ್ತರರು, ಆಶಾ ಕಾರ್ಯಕರ್ತೆಯರು, ಕಾಯಿಲೆಯವರ ಮನೆಯವರು. ಫೋನಿನಲ್ಲಿ ಗುಂಪು ಮಾಡಿಕೊಂಡೆವು. ತಿಂಗಳಿಗೆ ಒಂದೋ ಎರಡೋ ಸಭೆ. ಮೊದಲ ಸಭೆ ಪಾಮನಕಲ್ಲೂರಿನ ಶಾಲೆಯಲ್ಲಿ. ಅಲ್ಲಿ ನಾನು ಕಾಲು ಗಂಟೆ ಮಾತನಾಡಿದೆ, ಯಾರೂ ತಲೆಯೆತ್ತಲಿಲ್ಲ. ಆಗ ತಂಗಿ ತಾನಾಗಿಯೇ ಎದ್ದು ನಿಂತಳು.

"ನನಗ ತಲಿ ಕೆಟ್ಟಿತ್ತು. ದಿನಾ ಗುಳಿಗಿ ತೊಗೋತೀನಿ. ಈಗ ನಿಮ್ಮ ಮುಂದ ನಿಂತೀನಿ, ನೋಡ್ರಿ," ಎಂದಳು.

ಅಷ್ಟೇ. ಹೆಂಗಸರು ತಲೆಯೆತ್ತಿ ನೋಡಿದರು. ಸಭೆ ಮುಗಿದ ಮೇಲೆ ಆರು ಜನ ಅವಳ ಸುತ್ತ ಕೂತರು. ಅಂದಿನಿಂದ ಎಲ್ಲಿ ಸಭೆಯಾದರೂ ಅವಳ ಮಾತೇ ಮುಖ್ಯ. ನನ್ನ ಪೇಪರ್ ತುಂಡುಗಳು, ಕರಪತ್ರಗಳು, ದೊಡ್ಡ ಊರಿನಿಂದ ಬಂದವರ ಭಾಷಣ, ಇವೆಲ್ಲ ಅವಳು ಬಂದು ನಿಲ್ಲುವ ತನಕ ಹೊತ್ತು ಕಳೆಯುವುದಕ್ಕೆ ಇದ್ದಂತೆ. ಕಾಯಿಲೆ ಬಂದ ಹೆಂಗಸು ನಮ್ಮ ಕಡೆ ಬಾಯಿ ಬಿಟ್ಟು ಹೇಳಿಕೊಂಡದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. ಅವಳ ಬಳಿ ಇದ್ದದ್ದು ಆ ಸ್ಪಷ್ಟವಾದ ಮಾತು ಒಂದೇ. ಗಂಡನ ಮನೆ ಹೋಗಿತ್ತು, ಟ್ರಂಕು ನಮ್ಮ ಮಂಚದ ಕೆಳಗೆ ಇತ್ತು. ಮಾತು ಮಾತ್ರ ಪೂರ್ತಿ ಅವಳದು.

ನಾನು ಹೇಳುತ್ತಿರುವ ವರ್ಷ ಕೆಟ್ಟದಾಗಿತ್ತು. ಬಂಡಲ್ ಬಿಚ್ಚಿದರೆ ಒಳಪುಟದಲ್ಲಿ ದಿನಾಲೂ ಒಂದಲ್ಲ ಒಂದು ಸಾವಿನ ಸುದ್ದಿ. ಅದರಲ್ಲಿ ಪರೀಕ್ಷೆ ಬರೆದ ಮಕ್ಕಳು, ಮದುವೆಯಾಗಿ ವರ್ಷವಾಗದ ಹುಡುಗಿಯರು. ಜೊತೆಗೇ ಫೋನು. ಗುಂಪಿನವರು ಎಲ್ಲೆಲ್ಲಿಯದೋ ಸುದ್ದಿ ಕಳಿಸುತ್ತಿದ್ದರು: ಹೊಸ ಕಾನೂನು, ಹೊಸ ಔಷಧ, ಯಾವುದೋ ದೇಶದಲ್ಲಿ ಮಾಡಿದ ಪರೀಕ್ಷೆ, ಯಾರದೋ ಭಾಷಣ. ನಾನು ಎಲ್ಲಕ್ಕೂ ಉತ್ತರ ಬರೆಯುತ್ತಿದ್ದೆ. ಕೆಲವರು ಫೋನ್ ಮಾಡಿ ಅಳುತ್ತಿದ್ದರು. ಎಲ್ಲವನ್ನೂ ತಿಳಿದಿರಬೇಕು, ಒಂದು ದಿನ ಬಿಟ್ಟರೆ ಯಾರಿಗೋ ಏನೋ ಆಗಿಬಿಡುತ್ತದೆ ಎಂಬ ಭಯ ನನ್ನನ್ನು ಹಿಡಿದಿತ್ತು. ಊಟದ ತಾಟಿನ ಪಕ್ಕದಲ್ಲಿ ಕತ್ತರಿ ಇರುತ್ತಿತ್ತು. ಮೊದಲು ಓದಿ ಕತ್ತರಿಸುತ್ತಿದ್ದವನು ಆ ವರ್ಷ ತಲೆಬರಹ ನೋಡಿ ಕತ್ತರಿಸತೊಡಗಿದೆ. ಮುಂದೆ ಯಾವಾಗಲಾದರೂ ಓದೋಣ ಎಂದುಕೊಳ್ಳುತ್ತಿದ್ದೆ. ಐದನೆಯ ಪುಸ್ತಕ ತುಂಬಿ ದಪ್ಪವಾಗಿ, ಮುಚ್ಚಿದರೂ ಬಾಯಿ ತೆರೆದುಕೊಂಡೇ ಇರುತ್ತಿತ್ತು.

ತಂಗಿ ನಗುತ್ತಿದ್ದಳು. "ಅಣ್ಣಾ, ಮಂದಿ ಪೇಪರ್ ಓದತಾರ, ನೀ ಪೇಪರ್ ಕೊಯ್ಯಾಕತ್ತೀಯಲ್ಲ," ಎನ್ನುತ್ತಿದ್ದಳು.

ಇನ್ನು ಹರಕೆಯ ವಿಷಯ. ಅವ್ವ ಮಗಳ ಕಾಯಿಲೆಯ ಕಾಲದಲ್ಲಿ ಗುಡ್ಡದ ಮೇಲಿನ ದೇವರಿಗೆ ಹೇಳಿಕೊಂಡಿದ್ದಳು: ಮಗಳು ಮೂರು ಶ್ರಾವಣ ಸುಸೂತ್ರ ಕಳೆದರೆ, ಮುಂದಿನ ಶ್ರಾವಣ ತಾಯಿ ಮಗಳು ಇಬ್ಬರೂ ತಿಂಗಳಿಡೀ ಉಪ್ಪು ಬಿಡುತ್ತೇವೆ. ಸೋಮವಾರ ಪೂಜೆ ಆಗುವ ತನಕ ನೀರೂ ಇಲ್ಲ. ನಮ್ಮ ಮನೆತನದಲ್ಲಿ ಇದು ಹೊಸದಲ್ಲ. ನನ್ನ ಅಜ್ಜಿ, ನಾನು ಹುಟ್ಟಿದಾಗ, ಹೀಗೆಯೇ ಉಪ್ಪು ಬಿಟ್ಟಿದ್ದಳಂತೆ. ದೇವರು ಒಂದು ಕೊಟ್ಟಾಗ ನಾವು ನಾಲಿಗೆಗೆ ಪ್ರಿಯವಾದದ್ದೊಂದನ್ನು ಬಿಡಬೇಕು, ಅಷ್ಟೇ ಲೆಕ್ಕ. ಮೂರು ಶ್ರಾವಣ ಕಳೆದಿದ್ದವು. ತಂಗಿ ಸಂತೋಷದಿಂದಲೇ ಒಪ್ಪಿದಳು. ಅವ್ವನ ಮೇಲೆ ಅವಳಿಗೆ ಋಣವಿತ್ತು. ಗಂಡನ ಮನೆಯವರು ಬಾಗಿಲಲ್ಲಿ ಇಳಿಸಿ ಹೋದ ಮಗಳನ್ನು ಊರು ನೋಡಿ ನಕ್ಕಾಗ, ಅವ್ವ ಒಬ್ಬಳೇ ಅವಳ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು.

ನಾನು ಬೇಡ ಎನ್ನಲಿಲ್ಲ. ಮಾತ್ರೆ ಬಿಟ್ಟು ಹರಕೆ ಹೊತ್ತಿದ್ದರೆ ಜಗಳವಾಡುತ್ತಿದ್ದೆ. ಆದರೆ ಅವ್ವ ದಿನಾ ತಾನೇ ಮಾತ್ರೆ ಎಣಿಸಿ ಕೊಡುತ್ತಿದ್ದಳು. ಎರಡೂ ಇರಲಿ ಎಂದುಕೊಂಡೆ. ಉಪ್ಪು ಬಿಟ್ಟರೆ ಬಿ.ಪಿ.ಗೂ ಒಳ್ಳೆಯದು ಎಂದು ನಾನೇ ಚೇಷ್ಟೆ ಮಾಡಿದ್ದೆ. ಅಡುಗೆಮನೆಯಲ್ಲಿ ಅವರಿಬ್ಬರಿಗೆ ಬೇರೆ ಗಡಿಗೆಯಾಯಿತು. ರೊಟ್ಟಿಗೆ ಹೇಗೂ ಉಪ್ಪಿಲ್ಲ. ಬೇಳೆ, ಪಲ್ಯ, ಶೇಂಗಾ ಚಟ್ನಿ ಎಲ್ಲ ಸಪ್ಪೆ. ಸಪ್ಪೆ ಊಟ ಗಂಟಲಲ್ಲಿ ಇಳಿಯದೆ ತಂಗಿ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದಳು. ಆ ವರ್ಷ ಮಳೆ ಹಿಂದೆ ಬಿದ್ದಿತ್ತು, ಶ್ರಾವಣದಲ್ಲೂ ಸೆಕೆ, ಕೂತಲ್ಲೇ ಬೆವರು.

ಎರಡನೆಯ ವಾರ ಅವಳಿಗೆ ಭೇದಿಯಾಯಿತು. ಎರಡು ದಿನ. ಮೂರನೆಯ ವಾರದ ಗುರುವಾರ, ಮಧ್ಯಾಹ್ನ ಊಟಕ್ಕೆ ಕೂತಾಗ, ನನ್ನ ಹೆಂಡತಿ ನನ್ನ ಪಕ್ಕ ಬಂದು ನಿಂತು, ತಂಗಿಯ ಕೈ ನೋಡಿದಿರಾ ಎಂದು ಮೆಲ್ಲಗೆ ಕೇಳಿದಳು. ನೋಡಿದೆ. ತಂಗಿ ಹಿತ್ತಲಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಕೈ ನಡುಗುತ್ತಿತ್ತು. ಈ ಮಾತ್ರೆಗೆ ಸಣ್ಣ ನಡುಕ ಇರುವುದೇ, ಹೆದರುವಂಥದ್ದಲ್ಲ ಎಂದು ನಾನು ಹೇಳಿದೆ. ಅದನ್ನು ಎರಡನೆಯ ಪುಸ್ತಕದಲ್ಲಿ ಓದಿದ್ದೆ, ಪುಟ ಕೂಡ ನೆನಪಿತ್ತು. ಸಣ್ಣ ನಡುಕ ಯಾವುದು, ದೊಡ್ಡದು ಯಾವುದು ಎಂದು ಎದ್ದು ಹೋಗಿ ನೋಡಲಿಲ್ಲ.

ಹೆಂಡತಿ ನನ್ನ ತಾಟಿನ ಪಕ್ಕದ ಕತ್ತರಿಯನ್ನು ಆಚೆ ಸರಿಸಿದಳು. "ಊರಾಗಿನ ಮಂದಿ ತಲಿ ಎಲ್ಲಾ ನಿಮ್ಮ ಪುಸ್ತಕದಾಗ ಅದಾವ ರೀ. ಮನ್ಯಾಗಿನ ಕೈ ಒಂದು ಕಾಣವಲ್ದು," ಎಂದು ಒಳಗೆ ಹೋದಳು.

ನನಗೆ ಸಿಟ್ಟು ಬಂತು. ಅದೇ ಗುರುವಾರ ತಂಗಿಯನ್ನು ರಕ್ತಪರೀಕ್ಷೆಗೆ ಲಿಂಗಸುಗೂರಿಗೆ ಕರೆದುಕೊಂಡು ಹೋಗುವ ದಿನವಾಗಿತ್ತು. ಭಾನುವಾರ ಸಿಂಧನೂರಿನಲ್ಲಿ ನಮ್ಮ ದೊಡ್ಡ ಸಭೆ. ಕರಪತ್ರ ಮುದ್ರಣ, ಮೈಕು, ಕುರ್ಚಿ, ಭಾಷಣಕಾರರು, ಎಲ್ಲ ನನ್ನ ತಲೆಯ ಮೇಲಿತ್ತು. ಮುಂದಿನ ಗುರುವಾರ ಹೋದರಾಯಿತು ಎಂದು ತಳ್ಳಿದೆ. ಆ ಸಭೆಯ ಕರಪತ್ರದಲ್ಲಿ ಕೆಳಗಿನಿಂದ ಎರಡನೆಯ ಸಾಲು, ತಂಗಿಯ ಕೈಬರಹವನ್ನೇ ಅಚ್ಚು ಮಾಡಿಸಿದ್ದು: ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಿರಿ.

ಭಾನುವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ನಾನು, ತಂಗಿ, ಅವ್ವ ಮೂವರೂ ಹೊರಟೆವು. ಹೆಂಡತಿ ಮನೆಯಲ್ಲೇ ಉಳಿದಳು. ಮೆಟ್ಟಿಲು ಹತ್ತುವಾಗ ತಂಗಿ ಎಡವಿದಳು. ಕಂಡಕ್ಟರ್ ಕೈಹಿಡಿದು ಮೇಲೆತ್ತಿ, ಸಾವಕಾಶ ಅಕ್ಕಾರ, ಬಸ್ ಎಲ್ಲಿ ಓಡಿ ಹೋಗತೈತಿ ಎಂದ. ಸೀಟಿನಲ್ಲಿ ಕೂತ ಮೇಲೆ ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹೊಲಗಳು ಮುಗಿದು ಗದ್ದೆಗಳು ಶುರುವಾಗುವಲ್ಲಿ, ಕಾಲುವೆಯ ಸೇತುವೆ ದಾಟಿದ ಮೇಲೆ, ಕಿಟಕಿಯ ಹೊರಗೆ ವಾಂತಿ ಮಾಡಿದಳು. ಅವ್ವ ಸೆರಗಿನಿಂದ ಬಾಯಿ ಒರೆಸಿ, ಖಾಲಿ ಹೊಟ್ಟೆಯಲ್ಲಿ ಬಸ್ಸು ಆಗಿಬರುವುದಿಲ್ಲ ಎಂದಳು.

ತಂಗಿ ನನ್ನ ಕಡೆ ತಿರುಗಿ, ತನ್ನ ಮಾತು ತನಗೇ ಕೇಳಿಸುತ್ತಿಲ್ಲವೆಂಬಂತೆ ನಿಧಾನವಾಗಿ ಹೇಳಿದಳು: "ಅಣ್ಣಾ, ನಾಲಿಗಿ ದಪ್ಪ ಆದಂಗ ಆಗ್ಯಾದ. ಇವತ್ತ ನೀನ ಮಾತಾಡು."

ಸಭೆಯ ಭಯ ಎಂದುಕೊಂಡೆ. ಮೂರು ವಾಕ್ಯ ಸಾಕು, ನೀನು ಬರುತ್ತೀ ಎಂದೇ ಜನ ಬಂದಿರುತ್ತಾರೆ ಎಂದೆ.

ಸಭಾಂಗಣ ತುಂಬಿತ್ತು. ಹನ್ನೊಂದೂ ಇಪ್ಪತ್ತಕ್ಕೆ ನಾನು ಅವಳ ಹೆಸರು ಕರೆದೆ. ವೇದಿಕೆಗೆ ಮೂರು ಮೆಟ್ಟಿಲು. ಗೋಡೆ ಹಿಡಿದು ಹತ್ತಿದಳು. ಕಾಲುಗಳನ್ನು ಅಗಲಿಸಿ ನಿಂತಳು, ಹಡಗಿನಲ್ಲಿ ನಿಂತವರ ಹಾಗೆ. ಮೈಕಿನ ಕಂಬ ಹಿಡಿದಳು. ಕಂಬ ನಡುಗಿ, ಮೈಕಿನಿಂದ ಟಕಟಕ ಎಂಬ ಸದ್ದು ಸಭೆಯೆಲ್ಲ ಕೇಳಿಸಿತು.

"ನನಗ ತಲಿ," ಎಂದಳು. ಮುಂದಿನ ಮಾತು ಮಾತಾಗಲಿಲ್ಲ. ಬಾಯಿಯೊಳಗೆ ಏನೋ ತುಂಬಿಕೊಂಡು ಮಾತನಾಡಿದಂತೆ ಒಂದು ಸದ್ದು ಬಂತು. ಮತ್ತೆ ಶುರು ಮಾಡಿದಳು. ಮತ್ತೆ ಅದೇ. ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಗುಳಿಗಿ ತೊಗೊಂಡು ಆರಾಮಾದಾಕಿ ಈಕಿನ ಏನು?" ಹೇಳಿದವಳು ನಕ್ಕಳು. ಎರಡು ಸಾಲು ನಕ್ಕವು.

ನನಗೆ ಅನಿಸಿದ್ದನ್ನು ಇದ್ದಂತೆ ಬರೆಯುತ್ತೇನೆ. ತಂಗಿಗೆ ಏನಾಯಿತು ಎಂದು ಮೊದಲು ಅನಿಸಲಿಲ್ಲ. ಇಷ್ಟು ಜನರ ಮುಂದೆ ಹೀಗಾಯಿತಲ್ಲ ಎನಿಸಿತು. ಎರಡನೆಯದಾಗಿ, ಕಾಯಿಲೆ ಮರಳಿದೆ ಎನಿಸಿತು. ಮೂರನೆಯದಾಗಿ, ಮಾತ್ರೆ ಬಿಟ್ಟಿದ್ದಾಳೆ ಎನಿಸಿತು. ನೂರು ಸಲ ಓದಿದ್ದ, ನಾನೇ ಕರಪತ್ರದಲ್ಲಿ ಹಾಕಿಸಿದ್ದ ಮಾತು ಅದು: ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದೆ. ನಾಲ್ಕು ಹೆಜ್ಜೆ ದಾಟಿ ಹೋದೆ. ಅವಳನ್ನು ಹಿಡಿದು ವೇದಿಕೆಯ ಹಿಂದಿನ ಕುರ್ಚಿಯಲ್ಲಿ ಕೂಡಿಸಿದೆ. ಮುಂಜಾನೆಯ ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದೆ. ಅವಳ ತಲೆ ಎಡಕ್ಕೂ ಬಲಕ್ಕೂ ಆಡಿತು. ಇಲ್ಲ ಎನ್ನುತ್ತಿದ್ದಾಳೆಂದು ತಿಳಿದೆ. ಅದು ಉತ್ತರವಾಗಿರಲಿಲ್ಲ, ನಡುಕವಾಗಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ನನ್ನ ಹೆಂಡತಿಯ ಎದುರಿಗೇ ಅವ್ವ ಅವಳಿಗೆ ಮಾತ್ರೆ ಕೊಟ್ಟಿದ್ದಳು. ನಾನು ಆಗ ಕರಪತ್ರ ಎಣಿಸುತ್ತಿದ್ದೆ.

ಜೇಬಿನಿಂದ ಸ್ಟ್ರಿಪ್ ತೆಗೆದೆ. ಎರಡು ಮಾತ್ರೆ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ಕೈ ನಿಲ್ಲದೆ ಅವು ನೆಲಕ್ಕೆ ಬಿದ್ದವು. ಇನ್ನೆರಡು ತೆಗೆದು ನಾನೇ ಅವಳ ಬಾಯಿಗೆ ಹಾಕಿ, ಗಲ್ಲ ಹಿಡಿದು, ಕ್ಯಾನಿನ ನೀರು ಕುಡಿಸಿದೆ. ಅವಳು ನನ್ನನ್ನೇ ನೋಡುತ್ತ ನುಂಗಿದಳು.

ಪಾಮನಕಲ್ಲೂರಿನ ಆಶಾ ಕಾರ್ಯಕರ್ತೆ ಅಷ್ಟರಲ್ಲಿ ಓಡಿ ಬಂದಿದ್ದಳು. ಮೊದಲ ಸಭೆಯಿಂದ ತಂಗಿಯ ಗೆಳತಿ. ತಂಗಿಯ ಚರ್ಮ ಚಿವುಟಿ ನೋಡಿ, ಮೈಯಲ್ಲಿ ನೀರೇ ಇಲ್ಲ ಎಂದು, ಚೀಲದಿಂದ ಓ.ಆರ್.ಎಸ್. ಪುಡಿಯ ಪೊಟ್ಟಣ ತೆಗೆದು ಲೋಟದಲ್ಲಿ ಕಲಸಿದಳು. ಅವಳ ಹಿಂದೆಯೇ ವೇದಿಕೆ ಹತ್ತಿ ಬಂದಿದ್ದ ಅವ್ವ ಅವಳ ಕೈ ಹಿಡಿದಳು.

"ಬ್ಯಾಡವ್ವ, ಅದರಾಗ ಉಪ್ಪದ. ಆಕಿ ಉಪ್ಪು ಬಿಟ್ಟಾಳ."

ಆಶಾ ಕಾರ್ಯಕರ್ತೆ ಲೋಟ ಹಿಡಿದುಕೊಂಡೇ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು. "ಎಷ್ಟ ದಿನಾತ್ರಿ?" ಎಂದು ಕೇಳಿದಳು. ಹದಿನೆಂಟು ದಿನ ಎಂದು ಅವ್ವ ಹೇಳಿದಳು, ಹೆಮ್ಮೆಯಿಂದಲೇ. ತಂಗಿ ಕುರ್ಚಿಯಿಂದ ಪಕ್ಕಕ್ಕೆ ಜಾರಿದಳು.

ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಬ್ಬ ವಯಸ್ಸಾದ ಆಟೊ ಚಾಲಕ ಒಳಗೆ ಬಂದು ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ಯಾವ ಮಾತ್ರೆ ಎಂದು ಕೇಳಿದರು, ಸ್ಟ್ರಿಪ್ ನೋಡಿದ ಕೂಡಲೇ ರಾಯಚೂರಿಗೆ ಆಂಬುಲೆನ್ಸ್ ಕರೆಸಿದರು. ದಾರಿಯಲ್ಲಿ ನಾನು ಲಿಂಗಸುಗೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಊಟದಲ್ಲಿ ಏನಾದರೂ ಬದಲಾಗಿತ್ತೇ ಎಂದು ಅವರು ಕೇಳಿದರು. ಹೇಳಿದೆ. ಉಪ್ಪು ಬಿಟ್ಟರೆ ದೇಹ ಲಿಥಿಯಂ ಅನ್ನು ಹೊರಗೆ ಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಭೇದಿ ಬೆವರು ಸೇರಿದರೆ ಅದು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರುತ್ತದೆ ಎಂದರು. ಕೊನೆಯ ಮಾತ್ರೆ ಯಾವಾಗ ಕೊಟ್ಟಿರಿ ಎಂದು ಕೇಳಿದರು.

ಅದನ್ನೂ ಹೇಳಿದೆ. ಆಂಬುಲೆನ್ಸಿನಲ್ಲಿ ಎದುರಿಗೆ ಅವ್ವ ಕೂತಿದ್ದಳು. ನಾನು ಫೋನಿನಲ್ಲಿ ಹೇಳಿದ್ದು ಅವಳಿಗೆ ಕೇಳಿಸಿತು. ಅದರ ಅರ್ಥ ಆಗಲಿಲ್ಲ. ಉಪ್ಪು ಎಂಬ ಮಾತು ಮಾತ್ರ ತಾಗಿತು.

ರಾಯಚೂರಿನಲ್ಲಿ ಎರಡು ಸಲ ಡಯಾಲಿಸಿಸ್ ಮಾಡಿದರು. ಒಂಬತ್ತು ದಿನ ಅವಳು ಕಣ್ಣು ತೆರೆಯಲಿಲ್ಲ, ತೆರೆದರೂ ನೋಡಲಿಲ್ಲ. ಹತ್ತನೆಯ ದಿನ ಅವ್ವನನ್ನು ಗುರುತು ಹಿಡಿದಳು. ಜೀವ ಉಳಿಯಿತು. ಕೆಲವರಿಗೆ ಮೆದುಳಿನ ಹಿಂಭಾಗಕ್ಕೆ ಆದ ಪೆಟ್ಟು ಹಾಗೇ ಉಳಿಯುತ್ತದೆ, ಆರು ತಿಂಗಳು ನೋಡೋಣ ಎಂದು ಅಲ್ಲಿಯ ವೈದ್ಯರು ಹೇಳಿದರು. ನಾನು ಕೊನೆಗೆ ಕೊಟ್ಟ ಎರಡು ಮಾತ್ರೆಯಿಂದ ಎಷ್ಟು ಕೆಟ್ಟಿತು ಎಂದು ಅವರನ್ನು ಕೇಳಿದೆ. ಹೇಳಲಾಗುವುದಿಲ್ಲ, ಅದಿಲ್ಲದಿದ್ದರೂ ಹೀಗೇ ಆಗಬಹುದಿತ್ತು ಎಂದರು. ಆಶಾ ಕಾರ್ಯಕರ್ತೆಯ ಲೋಟದ ನೀರೂ ಅಷ್ಟು ಹೊತ್ತಿಗೆ ತಡವಾಗಿತ್ತಂತೆ. ಈ ಎರಡು ಮಾತುಗಳನ್ನೂ ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅವುಗಳಿಂದ ನನಗೇನೂ ಉಪಯೋಗವಾಗಿಲ್ಲ.

ಮನೆಗೆ ಬಂದ ಮರುದಿನ ಐದನೆಯ ಪುಸ್ತಕ ತೆರೆದು ಮೊದಲ ಪುಟದಿಂದ ಓದತೊಡಗಿದೆ. ಎರಡು ದಿನ ಓದಿದೆ. ಮೂರನೆಯ ದಿನ ಸಿಕ್ಕಿತು. ಓದುಗರ ಪ್ರಶ್ನೆಗೆ ವೈದ್ಯರ ಉತ್ತರ; ಅಂಗೈಯಷ್ಟು ಅಗಲದ ತುಂಡು. ತಲೆಬರಹದಲ್ಲಿ ಲಿಥಿಯಂ ಎಂದಿತ್ತು, ಅದಕ್ಕೇ ಕತ್ತರಿಸಿದ್ದೆ. ನಾಲ್ಕನೆಯ ಸಾಲಿನಲ್ಲಿ, ಈ ಮಾತ್ರೆ ತೆಗೆದುಕೊಳ್ಳುವವರು ಉಪ್ಪನ್ನು ಏಕಾಏಕಿ ಬಿಡಬಾರದು, ನೀರಿಲ್ಲದ ಉಪವಾಸ ಮಾಡಬಾರದು, ಕೈನಡುಕ ಹೆಚ್ಚಿದರೆ, ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂದಿತ್ತು. ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ತಾರೀಖು. ಶ್ರಾವಣಕ್ಕೆ ನಾಲ್ಕು ತಿಂಗಳು ಮೊದಲಿನದು. ಅಂಟು ಕಲಸಿ ಕೊಟ್ಟವಳು ತಂಗಿ.

ಪುಸ್ತಕ ಮುಚ್ಚಿ ಟ್ರಂಕಿನೊಳಗೆ ಇಟ್ಟೆ. ಯಾರಿಗೂ ತೋರಿಸಲಿಲ್ಲ.

ಈಗ ನಾನು ಬರೆಯಲು ಹಿಂಜರಿಯುತ್ತಿದ್ದ ಭಾಗ. ಆ ದಿನದಿಂದ ಅವ್ವ ಗುಡ್ಡ ಹತ್ತುವುದನ್ನು ಬಿಟ್ಟಳು. ಹರಕೆ ಅರ್ಧಕ್ಕೆ ನಿಂತಿತ್ತು, ಆದರೂ ತಾನು ಮಾತ್ರ ಉಪ್ಪು ಮುಟ್ಟಲಿಲ್ಲ. ಶ್ರಾವಣ ಮುಗಿಯಿತು, ದಸರೆ ಮುಗಿಯಿತು, ಸಪ್ಪೆಯನ್ನೇ ಉಂಡಳು. ನನ್ನ ಹೆಂಡತಿ ಬೇಡಿಕೊಂಡಳು, ಬೈದಳು, ಕದ್ದು ಬೇಳೆಗೆ ಉಪ್ಪು ಹಾಕಿದಳು. ಅವ್ವ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದಳು. ಮಗಳಿಗೆ ತುತ್ತು ಮಾಡಿ ತಿನ್ನಿಸುವುದು, ಗೋಡೆ ಹಿಡಿಸಿ ನಡೆಸುವುದು, ಇದಿಷ್ಟೇ ಅವಳ ದಿನ. ಅಮಾವಾಸ್ಯೆಯ ಮಾರನೆಯ ದಿನ, ಚಳಿ ಶುರುವಾಗಿತ್ತು, ನಾನು ಪೇಪರ್ ಹಾಕಿ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಾಗ ಪಕ್ಕಕ್ಕೆ ಬಂದು ಕೂತಳು.

"ನಿನಗ ಎಲ್ಲಾ ಗೊತ್ತದ. ನೀ ಓದಿದಾವ," ಎಂದಳು. "ನಿಜಾ ಹೇಳು ತಮ್ಮಾ. ನನ್ನ ಹರಕಿನ ಆಕಿ ನಾಲಿಗಿ ತಿಂತೇನು?"

ನಮ್ಮ ಕಡೆ ತಾಯಿ ಮಗನನ್ನು ತಮ್ಮಾ ಎಂದು ಕರೆಯುತ್ತಾಳೆ. ನಾನು ಆ ಕ್ಷಣ ಒಳಗೆ ಹೋಗಿ ಟ್ರಂಕು ತೆಗೆದು ಆ ತುಂಡನ್ನು ತಂದು ಓದಿ ಹೇಳಬಹುದಿತ್ತು. ಇದು ನಿನಗೆ ಗೊತ್ತಿರಲು ಸಾಧ್ಯವಿರಲಿಲ್ಲ, ನನ್ನ ಕೈಯಲ್ಲಿತ್ತು, ನಾನು ಓದಲಿಲ್ಲ, ಕೊನೆಯ ಮಾತ್ರೆಯನ್ನೂ ನಾನೇ ಹಾಕಿದೆ ಎನ್ನಬಹುದಿತ್ತು. ನಾನು ಹೇಳಿದ್ದು ಇಷ್ಟು: ಹಂಗ ಅನಬ್ಯಾಡ ಅವ್ವ, ಯಾರ ತಪ್ಪೂ ಅಲ್ಲ.

ಅವ್ವ ನನ್ನ ಮುಖ ನೋಡಿದಳು. ಯಾರ ತಪ್ಪೂ ಅಲ್ಲ ಎಂದರೆ ತನ್ನದೇ ಎಂದು ತಿಳಿದುಕೊಂಡಳು. ನಾನು ಅದನ್ನು ನೋಡಿದೆ, ನೋಡಿ ಸುಮ್ಮನಿದ್ದೆ. ಮಗ ಅಪ್ಪಣೆ ಕೊಟ್ಟ ಹಾಗೆ ತಲೆ ಅಲ್ಲಾಡಿಸಿ ಎದ್ದು ಹೋದಳು. ಸಂಕ್ರಾಂತಿಗೆ ಎಂಟು ದಿನ ಇರುವಾಗ, ಹಗಲು ಹೊತ್ತಿನಲ್ಲಿ, ಮಗಳ ಹಾಸಿಗೆಯ ಪಕ್ಕದಲ್ಲಿ ಮಲಗಿದವಳು ಏಳಲಿಲ್ಲ. ಕೊನೆಯ ತನಕ ಆ ಭಾರ ಅವಳ ಮೇಲೇ ಇತ್ತು. ಇಳಿಸಬಹುದಾಗಿದ್ದ ಒಬ್ಬನೇ ಒಬ್ಬ ನಾನು.

ಹರಕೆಯನ್ನು ಬೈಯುವುದು ಸುಲಭ. ಗುಂಪಿನಲ್ಲಿ ಕೆಲವರು ಬೈದರು, ಮೂಢನಂಬಿಕೆ ಎಂದು ಉದ್ದುದ್ದ ಬರೆದರು. ನಾನು ಯಾವುದಕ್ಕೂ ಉತ್ತರಿಸಲಿಲ್ಲ. ಹರಕೆ ಹೊತ್ತವಳು ಅಕ್ಷರ ಬಾರದವಳು. ಮಗಳ ಕೈಗೆ ತಪ್ಪದೆ ಮಾತ್ರೆ ಕೊಟ್ಟವಳು. ಮೊದಲೇ ಕೇಳಿದ್ದರೆ ಉಪ್ಪಿನ ಬದಲು ಬೆಲ್ಲ ಬಿಡಿ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದೆ ಎಂದು ಲಿಂಗಸುಗೂರಿನ ಡಾಕ್ಟರು ಆಮೇಲೆ ಅಂದರು. ದೇವರಿಗೂ ನಡೆಯುತ್ತಿತ್ತು. ಕೇಳಬೇಕಾದವನು ನಾನು.

ಈಗಲೂ ಪೇಪರ್ ಹಾಕುತ್ತೇನೆ. ಫೋನಿನ ಗುಂಪನ್ನು ಆಶಾ ಕಾರ್ಯಕರ್ತೆಗೆ ಒಪ್ಪಿಸಿದ್ದೇನೆ. ವಾರಕ್ಕೆ ಒಂದೇ ತುಂಡು ಕತ್ತರಿಸುತ್ತೇನೆ. ತಂಗಿಯ ಮಂಚದ ಪಕ್ಕ ಕೂತು ಪೂರ್ತಿ ಓದಿ, ಇದರಲ್ಲಿ ನಮ್ಮ ಮನೆಗೆ ಹತ್ತುವ ಮಾತು ಯಾವುದು ಎಂದು ಕೇಳಿ, ಆಮೇಲೆ ಅಂಟಿಸುತ್ತೇನೆ. ಶ್ರಾವಣಕ್ಕೆ ಮೊದಲು, ರಂಜಾನಿಗೆ ಮೊದಲು, ಈ ಮಾತ್ರೆ ನುಂಗುವವರು ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಬೇಕೆಂದು ಕೈಯಲ್ಲಿ ಬರೆದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹಚ್ಚುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಎಷ್ಟು ಜನ ನಿಂತು ಓದುತ್ತಾರೋ ಗೊತ್ತಿಲ್ಲ. ಹಿಂದಿನಷ್ಟು ನಿಲ್ಲುವುದಿಲ್ಲ.

ತಂಗಿಯ ಆರು ತಿಂಗಳು ಮುಗಿದು ಎರಡು ವರ್ಷವಾಯಿತು. ನಡಿಗೆ ಸ್ವಲ್ಪ ಸುಧಾರಿಸಿದೆ. ಪೆನ್ನು ಹಿಡಿಯಲಾರಳು. ಮಾತು ಒಡೆದು ಒಡೆದು, ಒಂದೊಂದು ಅಕ್ಷರದ ನಡುವೆ ಬಿಡುವು ಬಿಟ್ಟು ಬರುತ್ತದೆ. ಮನೆಯ ನಮಗೆ ತಿಳಿಯುತ್ತದೆ, ಹೊರಗಿನವರಿಗೆ ಇಲ್ಲ. ಲಿಥಿಯಂ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟಿದ್ದಾರೆ. ಹೋದ ತಿಂಗಳು ಟ್ರಂಕಿನಿಂದ ಐದನೆಯ ಪುಸ್ತಕ ತೆಗೆದು, ಆ ತುಂಡನ್ನು ಅವಳಿಗೆ ನಾಲ್ಕನೆಯ ಸಾಲಿನ ತನಕ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, ಒಂದೊಂದೇ ಅಕ್ಷರವಾಗಿ, ಕೇಳಿದಳು: "ಅವ್ವಗ... ಹೇಳಿದ್ದೇನು?"

ಇಲ್ಲ ಎಂದೆ. ಅವಳು ಗೋಡೆಯ ಕಡೆ ತಿರುಗಿದಳು.

ಆ ಭಾನುವಾರ ವೇದಿಕೆಯ ಹಿಂದೆ ನಾನು ಮಾಡಿದ್ದನ್ನು ಕಣ್ಣಾರೆ ಕಂಡವರಲ್ಲಿ ಅವ್ವ ಈಗಿಲ್ಲ. ಲೋಟ ಹಿಡಿದು ನಿಂತಿದ್ದ ಪಾಮನಕಲ್ಲೂರಿನ ಆಶಾ ಕಾರ್ಯಕರ್ತೆ ಇದ್ದಾಳೆ, ಕೇಳಿದರೆ ಹೇಳುತ್ತಾಳೆ. ಸಿಂಧನೂರಿನ ಆ ಆಟೊ ಚಾಲಕ ಇದ್ದಾನೆ. ಗಂಜ್ ಮುಂದೆ ಕಂಡಾಗಲೆಲ್ಲ ಅಕ್ಕ ಹೇಗಿದ್ದಾಳೆ ಎಂದು ಕೇಳುತ್ತಾನೆ. ಮೂರನೆಯ ಸಾಲಿನಲ್ಲಿ ನಕ್ಕ ಹೆಂಗಸೂ ಇರಬೇಕು, ಅವಳಿಗೆ ಮಾತ್ರೆ ಕಂಡಿತೋ ಇಲ್ಲವೋ ತಿಳಿಯದು. ಇನ್ನೊಬ್ಬಳು ನನ್ನ ತಂಗಿ. ನನಗಿಂತ ಹತ್ತಿರದಿಂದ, ಕಣ್ಣು ಮಿಟುಕಿಸದೆ ನೋಡಿದವಳು ಅವಳು. ಮಸ್ಕಿಯ ನಮ್ಮ ಮನೆಯಲ್ಲಿ, ಪಡಸಾಲೆಯ ಎಡಗಡೆಯ ಮಂಚದ ಮೇಲೆ, ಇದ್ದಾಳೆ.